ಓದಿದ ಮೇಲೆ ಅಂಟಿಸುವ ಅಂಗಡಿ

ಧಾರವಾಡ

ಹಡಗು ಹತ್ತದೆ, ಸಮುದ್ರ ಕಾಣದೆ ಪರದೇಶಕ್ಕೆ ಹೋಗಿಬಂದ ಹೆಂಗಸು ನಾನು. ಹೀಗೆಂದರೆ ಈಗಿನ ಹುಡುಗಿಯರು ನಗುತ್ತಾರೆ. ನಗಲಿ. ಧಾರವಾಡದಲ್ಲಿ ಬೆಳಿಗ್ಗೆ ರೈಲು ಹತ್ತಿದರೆ ಹೊತ್ತು ಇಳಿಯುವುದರೊಳಗೆ ಕೊಪ್ಪಳ ಬರುತ್ತಿತ್ತು, ನಿಜ. ಆದರೆ ಯುದ್ಧ ನಡೆದಿದ್ದ ಆ ವರ್ಷಗಳಲ್ಲಿ ನಮ್ಮೂರು ಇಂಗ್ರೇಜರ ಕೈಯಲ್ಲಿತ್ತು, ಕೊಪ್ಪಳ ನಿಜಾಮರ ಸೀಮೆಯಲ್ಲಿತ್ತು. ನಡುವೆ ಸುಂಕದ ನಾಕಾ. ಆ ಕಡೆ ನಾಣ್ಯ ಬೇರೆ, ಅಂಚೆಚೀಟಿ ಬೇರೆ, ಕಚೇರಿಯ ಲಿಪಿ ಬೇರೆ. ಮಾತು ಮಾತ್ರ ನಮ್ಮದೇ. ಆ ಸೀಮೆಯನ್ನು ನಾವು ಮೊಗಲಾಯಿ ಎನ್ನುತ್ತಿದ್ದೆವು.

ಅಲ್ಲಿ ಕುಷ್ಟಗಿಯ ಒಂದು ಕಾಳಿನ ವ್ಯಾಪಾರದ ಮನೆಗೆ ನನ್ನ ಹಿರಿಮಗಳು ನೀಲವ್ವನನ್ನು ಕೊಟ್ಟಿದ್ದೆವು. ಹದಿನೆಂಟು ವರ್ಷದ ಹುಡುಗಿ, ಚೊಚ್ಚಲ ಬಸಿರು, ಏಳನೇ ತಿಂಗಳು ನಡೆದಿತ್ತು. ಸೀಮಂತದ ಕುಬಸ ಮಾಡಿ, ಹಸಿರು ಸೀರೆ ಉಡಿಸಿ, ಬಾಣಂತನಕ್ಕೆ ಕರೆದುಕೊಂಡು ಬರಬೇಕು. ಎಂಟರಲ್ಲಿ ಕರೆಯುವ ಹಾಗಿಲ್ಲ, ಒಂಬತ್ತರಲ್ಲಿ ಮೋಟಾರಿನ ಕುಲುಕಾಟ ಬೇಡ. ನಮ್ಮ ಮಾಸ್ತರರಿಗೆ, ಅಂದರೆ ನನ್ನ ಯಜಮಾನರಿಗೆ, ಸಾಲೆಯ ತಪಾಸಣೆ ಇತ್ತು. "ಹೆಣ್ಣುಮಕ್ಕಳ ಜನಾನಾ ಡಬ್ಬಿಯೊಳಗ ಕೂತು ಹೋಗಿಬಿಡು. ಅಳಿಯಾ ಕೊಪ್ಪಳ ಸ್ಟೇಷನ್ನಿಗೆ ಬರ್ತಾನ. ಕಾಗದಾ ಹಾಕೀನಿ" ಎಂದರು.

ಇಷ್ಟೇ ಆಗಿದ್ದರೆ ಇದು ಬರೆಯುವಂಥ ಪ್ರಯಾಣವಾಗುತ್ತಿರಲಿಲ್ಲ. ನನಗಾಗ ನಲವತ್ತು. ಕಿರಿಯ ಮಗನಿಗೇ ಹನ್ನೆರಡು ತುಂಬಿತ್ತು. ನಾಲ್ಕು ತಿಂಗಳ ಹಿಂದೆ ಮುಟ್ಟು ನಿಂತಾಗ, ಅಂತೂ ಆ ವಯಸ್ಸು ಬಂತಲ್ಲ ಎಂದು ದೇವರಿಗೆ ತುಪ್ಪದ ದೀಪ ಹಚ್ಚಿದ್ದೆ. ಹೊರಡುವುದಕ್ಕೆ ಹದಿನೈದು ದಿನ ಮೊದಲು ರೊಟ್ಟಿ ಬಡಿಯುತ್ತಿದ್ದಾಗ ಹೊಟ್ಟೆಯೊಳಗೆ ಏನೋ ಮಿಸುಕಿತು. ನಾಲ್ಕು ಹೆತ್ತವಳಿಗೆ ಅದೇನೆಂದು ಯಾರೂ ತಿಳಿಸಿ ಹೇಳಬೇಕಾಗಿರಲಿಲ್ಲ. ಹಂಚಿನ ಮೇಲಿನ ರೊಟ್ಟಿ ಕರಕಲಾಯಿತು.

ಮಗಳ ಕುಬಸಕ್ಕೆ ಹೊರಟ ತಾಯಿ ತಾನೇ ಬಸುರಿ! ಓಣಿಯಲ್ಲಿ ತಲೆ ಎತ್ತುವುದು ಹೇಗೆ? ಮಾಸ್ತರರಿಗೂ ಹೇಳಲಿಲ್ಲ. ಆದರೆ ಓಣಿಯ ನಗೆಗಿಂತ ದೊಡ್ಡ ಹೆದರಿಕೆಯೊಂದಿತ್ತು. ನನ್ನ ಬೀಗತಿ ಬಸಲಿಂಗವ್ವ, ಒಂದೇ ಮನೆಯಲ್ಲಿ ಒಂದೇ ವರ್ಷ ಎರಡು ತೊಟ್ಟಿಲು ಕಟ್ಟಿದರೆ ಅದರಲ್ಲೊಂದು ಬರಿದಾಗುತ್ತದೆ ಎಂದು ಗಟ್ಟಿಯಾಗಿ ನಂಬಿದವರು. ಅವರ ಹಿರಿಸೊಸೆಯ ತವರಿನಲ್ಲಿ ಅತ್ತಿಗೆ ಬಸುರಿದ್ದಳೆಂದು ಸೊಸೆಯನ್ನು ಹೆರಿಗೆಗೆ ಅಲ್ಲಿಗೆ ಕಳಿಸಿರಲಿಲ್ಲ. ಆ ಹುಡುಗಿ ಕುಷ್ಟಗಿಯಲ್ಲೇ ಮೂರು ದಿನ ನರಳಿ, ಕೂಸನ್ನು ಕಳೆದುಕೊಂಡಳು. ನನ್ನ ಸಂಗತಿ ಹೊರಬಿದ್ದರೆ ನೀಲವ್ವನೂ ಅದೇ ಕೋಣೆಯಲ್ಲಿ ಹೆರಬೇಕು. ಆದ್ದರಿಂದ ಸೆರಗನ್ನು ಅಗಲವಾಗಿ ಹೊದ್ದು, ಹೊಟ್ಟೆಯನ್ನು ಎಳೆದು ಹಿಡಿದು ರೈಲು ಹತ್ತಿದೆ.

ಗಡಿಯ ಸ್ಟೇಷನ್

ಗಡಿ ದಾಟಿದ ಮೇಲೆ ಸುಂಕದವರು ಡಬ್ಬಿಗೆ ಹತ್ತಿದರು. ಅಲ್ಲಿ ಅವರಿಗೆ ಕರೋಡಗಿರಿಯವರು ಎನ್ನುತ್ತಾರೆ. ಕೆಂಪು ಟೊಪ್ಪಿಗೆಯ ಒಬ್ಬ ಮೀಸೆಯವರು ನನ್ನ ಟ್ರಂಕು ತೆರೆಸಿದರು. ಹಸಿರು ಸೀರೆ, ಹಸಿರು ಬಳೆ, ಎಳ್ಳುಂಡೆ, ಕೊಬ್ಬರಿ.

"ಕುಬಸ ಯಾರಿಗ್ರಿ?"

"ಮಗಳಿಗ್ರಿ."

ಮೂಲೆಯಲ್ಲಿ ಕಾಗದ ಸುತ್ತಿದ ಒಂದು ಭರಣಿ ಇತ್ತು. ಮಾವಿನ ಉಪ್ಪಿನಕಾಯಿ. ಅದು ಮಗಳಿಗಲ್ಲ, ನನಗೆ. ಹುಳಿಯಿಲ್ಲದೆ ಒಂದು ತಾಸೂ ಇರಲಾರದ ಸ್ಥಿತಿ ನನ್ನದು. ಮೀಸೆಯವರು ಉಪ್ಪಿನಕಾಯಿಗೆ ಏನೂ ಅನ್ನಲಿಲ್ಲ, ಅದಕ್ಕೆ ಸುತ್ತಿದ ಕಾಗದವನ್ನು ಬಿಚ್ಚಿ ಬೆಳಕಿಗೆ ಹಿಡಿದರು. ನಮ್ಮ ಕಡೆಯ ವಾರಪತ್ರಿಕೆ, ನಿಜಾಮರ ಸೀಮೆಯಲ್ಲಿ ಅದಕ್ಕೆ ನಿಷೇಧ. "ಇದು ಒಳಗ ಬರಂಗಿಲ್ರಿ" ಎಂದು ಎಣ್ಣೆಯಾದ ಆ ಹಾಳೆಯನ್ನು ಸರಕಾರಿ ಗಾಂಭೀರ್ಯದಿಂದ ಮಡಚಿ ಜೇಬಿಗಿಟ್ಟರು. ಭರಣಿಯನ್ನು ಬರಿಮೈಯಲ್ಲಿ ಸೀರೆಯ ಪಕ್ಕ ಕೂರಿಸಿ ಟ್ರಂಕು ಮುಚ್ಚಿದರು. ರಾಜ್ಯ ಉಳಿಯಿತು, ನನ್ನ ಸೀರೆ ಕೆಟ್ಟಿತು. ಕೊಪ್ಪಳದಲ್ಲಿ ಇಳಿದು ನೋಡುವಷ್ಟರಲ್ಲಿ ಸೆರಗಿನ ಮೇಲೆ ಅಂಗೈಯಗಲ ಎಣ್ಣೆಯ ಕಲೆ.

ಕೊಪ್ಪಳ, ಮೊದಲ ದಿನ

ಅಳಿಯ ಬಂದಿರಲಿಲ್ಲ. ಮಾಸ್ತರರ ಕಾಗದ ಇನ್ನೂ ದಾರಿಯಲ್ಲೇ ಇತ್ತೆಂದು ಆಮೇಲೆ ತಿಳಿಯಿತು. ಟಾಂಗಾ ಹಿಡಿದು ಮೋಟಾರು ನಿಲ್ಲುವಲ್ಲಿಗೆ ಹೋದೆ. ಕುಷ್ಟಗಿಯ ಮೋಟಾರು ನಿಂತಿತ್ತು, ನಿಂತೇ ಇತ್ತು. ಯುದ್ಧದ ದೆಸೆಯಿಂದ ಪೆಟ್ರೋಲಿಲ್ಲ. ಬೆನ್ನಿಗೆ ಒಂದು ಉದ್ದನೆಯ ಒಲೆ ಕಟ್ಟಿ, ಇದ್ದಿಲು ಉರಿಸಿ, ಆ ಹೊಗೆಯಲ್ಲಿ ಓಡಿಸುತ್ತಿದ್ದರು. ಒಲೆಯ ತಳ ತೂತಾಗಿತ್ತು.

"ಯಾವಾಗ ಹೊಕ್ಕೈತ್ರಿ?"

"ನಾಳಿ ಮುಂಜಾನಿ ಜರೂರ ಹೊಕ್ಕೈತ್ರಿ, ಅಕ್ಕಾರ. ಸಬೂರ ಮಾಡ್ರಿ."

ಆ ಊರಿನಲ್ಲಿ ಯಾರೂ ಇಲ್ಲ ಎನ್ನುವುದಿಲ್ಲ. ನಮ್ಮ ಧಾರವಾಡದವರು ಏನು ಕೇಳಿದರೂ ಮೊದಲು ಆಗೋದಿಲ್ಲ ಎಂದು ಆಮೇಲೆ ಮಾಡಿಕೊಡುತ್ತಾರೆ. ಇವರು ಆಗ್ತೈತಿ ಎಂದು ನಗುನಗುತ್ತ ಕೂರಿಸಿಬಿಡುತ್ತಾರೆ. ನನಗೆ ಕೂರುವುದೇ ಬಾರದು. ಮೋಟಾರಿನ ಸುತ್ತ ನಾಲ್ಕು ಸಲ ತಿರುಗಿದೆ. ನೀಲವ್ವನಿಗೆ ಎಂಟು ಬೀಳಲು ಉಳಿದಿದ್ದ ಹದಿನೈದು ದಿನದಲ್ಲಿ ಒಂದು ಹೋಯಿತು ಎಂದು ಬೆರಳು ಮಡಚಿದೆ. ಬಿಸಿಲಿಗೆ ಕಣ್ಣು ಕತ್ತಲಾಗಿ, ಎದುರಿನ ಅಂಗಡಿಯ ಕಟ್ಟೆಗೆ ಆತುಕೊಂಡೆ.

"ಒಳಗ ಬರ್ರಿ ಅಕ್ಕಾರ, ನೆರಳಾಗ ಕೂಡ್ರಿ" ಎಂದರು ಒಳಗಿನಿಂದ ಒಬ್ಬ ಬಿಳಿಗಡ್ಡದ ಮುದುಕರು. ಅವರೇ ಖಾದರ್ ಸಾಬರು, ಮೊದಲು ಪುಸ್ತಕಕ್ಕೆ ರಟ್ಟು ಕಟ್ಟುತ್ತಿದ್ದವರು, ಈಗ ಹಳೇ ಪುಸ್ತಕದ ವ್ಯಾಪಾರಿ. ನೆಲದಿಂದ ಜಂತಿಯವರೆಗೆ ಪುಸ್ತಕ. ವರ್ಗವಾಗಿ ಹೋಗುವ ಅಮಲ್ದಾರರು ತೂಕಕ್ಕೆ ಹಾಕಿಹೋದ ಉರ್ದು ಪುಸ್ತಕಗಳೇ ಬಹಳ. ಕನ್ನಡದವು ನಮ್ಮ ಕಡೆಯಿಂದ ಬಂದ ಸೊಸೆಯಂದಿರ ಟ್ರಂಕಿನಲ್ಲಿ ಗಡಿ ದಾಟಿದಂಥವು.

ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ಇಬ್ಬರು ಹೆಂಗಸರು ಕೂತಿದ್ದರು. ಒಬ್ಬಾಕೆ ಚೆನ್ನವ್ವ, ಅರವತ್ತು ದಾಟಿದ ವಿಧವೆ, ಹಣೆ ತುಂಬ ವಿಭೂತಿ. ಇನ್ನೊಬ್ಬಾಕೆ ಖಾದರ್ ಸಾಬರ ತಂಗಿ ಫಾತಿಮಾಬಿ. ಮಾರಾಟವಾಗದೆ ಹರಿದುಹೋದ ಪುಸ್ತಕಗಳ ಹಾಳೆ ಬಿಡಿಸಿ ಅಂಗಡಿಕಾರರಿಗೆ ಕಾಗದದ ಚೀಲ ಮಾಡುವುದು ಇವರ ಕೆಲಸ. ಆದರೆ ಆಗ ಇಬ್ಬರ ಕೈಯೂ ಸುಮ್ಮನಿತ್ತು. ಕನ್ನಡ ಹಾಳೆಗಳ ಒಂದು ಗುಡ್ಡೆಯ ಮುಂದೆ ಅವರು ಮುಖ ಸಪ್ಪಗೆ ಮಾಡಿ ಕೂತಿದ್ದರು.

"ಓದಾಕ ಬರ್ತೈತೇನು ನಿನಗ?" ಎಂದಳು ಚೆನ್ನವ್ವ, ಹೆಸರೂ ಕೇಳದೆ.

"ಮುಲ್ಕಿ ಪರೀಕ್ಷಾ ಪಾಸಾಗೇನಿ" ಎಂದೆ ಸ್ವಲ್ಪ ಜಂಬದಿಂದಲೇ.

"ಹಂಗಾದ್ರ ಓದು."

ಆ ಅಂಗಡಿಯಲ್ಲೊಂದು ಕಟ್ಟಳೆ ಇತ್ತು. ಯಾವ ಹಾಳೆಯನ್ನೂ ಓದದೆ ಅಂಟಿಸಬಾರದು. ಹಿಂದೊಮ್ಮೆ ಯಾವುದೋ ಪುಸ್ತಕದೊಳಗಿದ್ದ ಕಾಗದವೊಂದು ನೋಡದೆ ಚೀಲವಾಗಿ, ಶೇಂಗಾ ತುಂಬಿಕೊಂಡು ಊರೆಲ್ಲ ಸುತ್ತಿತಂತೆ. ಅದು ಒಬ್ಬ ತಾಯಿಗೆ ದೂರದ ಊರಿನಿಂದ ಮಗ ಬರೆದ ಕೊನೆಯ ಕಾಗದ. ಆವತ್ತಿನಿಂದ ಖಾದರ್ ಸಾಬರು ಪ್ರತಿ ಹಾಳೆಯನ್ನೂ ಗಟ್ಟಿಯಾಗಿ ಓದಿಸುತ್ತಾರೆ. ಉರ್ದುವನ್ನು ಅವರೇ ಓದುತ್ತಾರೆ. ಕನ್ನಡ ಓದುತ್ತಿದ್ದ ಗುಮಾಸ್ತರ ಹೆಂಡತಿ ವರ್ಗವಾಗಿ ಹೋದ ಮೇಲೆ ಗುಡ್ಡೆ ಬೆಳೆದು ಕೆಲಸ ನಿಂತಿತ್ತು.

ಓದಿದೆ. ಹಾಳೆಗೆ ಹಾಳೆ ಸಂಬಂಧವಿಲ್ಲ. ಸಿಂಹಳದ ಹವಾಮಾನವಾದ ಮೇಲೆ ಹಾಗಲಕಾಯಿ ಪಲ್ಯ, ಅದಾದ ಮೇಲೆ ಅಂಕಗಣಿತ. ತೊಟ್ಟಿಯೊಂದನ್ನು ಎರಡು ನಳಗಳು ತುಂಬಿಸುತ್ತವೆ, ತಳದ ತೂತೊಂದು ಖಾಲಿ ಮಾಡುತ್ತದೆ, ತುಂಬಲು ಎಷ್ಟು ತಾಸು?

"ಯಾರವ ಆ ಶಾಣ್ಯಾ?" ಎಂದಳು ಚೆನ್ನವ್ವ. "ಮೊದಲ ತೂತು ಮುಚ್ಚಂತ ಹೇಳು."

ಆ ರಾತ್ರಿ ಅಂಗಡಿಯ ಹಿಂದಿನ ಚೆನ್ನವ್ವನ ಮನೆಯಲ್ಲೇ ಉಳಿದೆ. ಬಾ ಎಂದು ಅವಳೂ ಕರೆಯಲಿಲ್ಲ, ಬರಲೇ ಎಂದು ನಾನೂ ಕೇಳಲಿಲ್ಲ. ನನ್ನ ಟ್ರಂಕು ಆಗಲೇ ಅಲ್ಲಿಗೆ ಹೋಗಿತ್ತು.

ಕೊಪ್ಪಳ, ಮತ್ತೆ ಮೂರು ದಿನ

ಬೆಳಿಗ್ಗೆ ಎದ್ದು ಮೋಟಾರಿಗೆ ಓಡುವುದು, ಸಬೂರ ಮಾಡ್ರಿ ಎನ್ನಿಸಿಕೊಳ್ಳುವುದು, ತಿರುಗಿ ಬಂದು ಓದುವುದು. ಓದುವಾಗಲೂ ಕಿವಿ ಬೀದಿಯ ಕಡೆಗೆ. ಮೋಟಾರು ಕೆಮ್ಮಿದಂತಾದರೆ ಸಾಕು, ಎದ್ದು ನಿಲ್ಲುತ್ತಿದ್ದೆ. ಫಾತಿಮಾಬಿ ಕಡಲೆಹಿಟ್ಟು ಹಚ್ಚಿ ಸೀರೆಯ ಕಲೆ ತೆಗೆಯಲು ಹೆಣಗಿದಳು. ಕಲೆ ಮಸುಕಾಯಿತು, ಆದರೆ ವಾಸನೆ ಹೋಗಲಿಲ್ಲ.

ಎರಡನೆಯ ದಿನ ಅಂಟು ಕುದಿಸಿದರು. ಗೋಧಿಹಿಟ್ಟಿಗೆ ಮೈಲುತುತ್ತ ಹಾಕಿ ಕಾಯಿಸಿದ ಅಂಟು. ಅದರ ಹಬೆ ಮೂಗಿಗೆ ಬಡಿದದ್ದೇ ತಡ, ಹಿತ್ತಲಿಗೆ ಓಡಿ ಕಕ್ಕಿದೆ. ತಿರುಗಿ ಬಂದಾಗ ಇಬ್ಬರೂ ಕೈಕಟ್ಟಿ ನನ್ನನ್ನೇ ನೋಡುತ್ತಿದ್ದರು.

"ಎಷ್ಟು ತಿಂಗಳು?" ಎಂದಳು ಚೆನ್ನವ್ವ.

ಗಂಡನಿಗೆ ಹೇಳದ ಮಾತನ್ನು ಎರಡು ದಿನದ ಪರಿಚಯದವರ ಮುಂದೆ ಹೇಳಿದೆ. ಎಲ್ಲವನ್ನೂ ಹೇಳಿದೆ. ಮಗಳು, ಬೀಗತಿ, ಎರಡು ತೊಟ್ಟಿಲು, ಆ ಹಿರಿಸೊಸೆಯ ಕೂಸು. ಕೊನೆಗೆ, ನಾಚಿಕೆ ಬಿಟ್ಟು, ಇದನ್ನು ಇಲ್ಲಿಗೇ ನಿಲ್ಲಿಸುವ ಬೇರು ಯಾರಾದರೂ ಕೊಡುತ್ತಾರೇನು ಎಂದೂ ಕೇಳಿದೆ. ಕೇಳಿದೆನೆಂದು ಬರೆಯಲು ಈಗ ಮನಸ್ಸಾಗದು, ಆದರೆ ಕೇಳಿದ್ದು ಹೌದು.

ಚೆನ್ನವ್ವ ಬೈಯಲಿಲ್ಲ, ಬೆಚ್ಚಿಬೀಳಲೂ ಇಲ್ಲ. "ಆಡಾಕತ್ತೈತೇನು ಒಳಗ?"

"ಹೂಂ."

"ಹಂಗಾದ್ರ ಹೊತ್ತು ಮೀರೇತಿ. ಅದಕ್ಕ ಕೈ ಹಚ್ಚಿದ್ರ ನೀನೂ ಹೊಕ್ಕಿ. ನಾ ಹಡದಾವು ಎರಡೂ ಉಳೀಲಿಲ್ಲ. ನಿಂದು ಬ್ಯಾಡಂದ್ರೂ ಬಂದೈತಿ. ಬರ್ಲಿ ಬಿಡು."

ಫಾತಿಮಾಬಿ ಕಿಸಕ್ಕನೆ ನಕ್ಕಳು. "ನನ್ನ ಸಣ್ಣ ಮಗಾ ನನ್ನ ದೊಡ್ಡ ಮೊಮ್ಮಗನಕಿಂತ ಸಣ್ಣಾವ ಅದಾನವ್ವ. ಇಬ್ಬರೂ ಒಂದ ಸಾಲಿಗೆ ಹೊಕ್ಕಾರ. ಮಾಮಾ ದಿನಾ ಅಳಿಯನ ಕೈಲೆ ಹೊಡಿಸ್ಕೊಂಡು ಬರ್ತಾನ."

ನಾನೂ ನಕ್ಕೆ. ನಗುತ್ತ ನಗುತ್ತ ಅಳು ಬಂತು. ಹದಿನೈದು ದಿನದಿಂದ ಎಳೆದು ಹಿಡಿದಿದ್ದ ಹೊಟ್ಟೆಯನ್ನು ಸಡಿಲ ಬಿಟ್ಟು ಆ ಪುಸ್ತಕದ ರಾಶಿಗೆ ಒರಗಿದೆ. ಅಂದು ಮಧ್ಯಾಹ್ನ ಅವರು ನನಗೆ ಹುಣಸೆಯ ಚಿಗುರಿನ ಸಾರು ಮಾಡಿ ಬಡಿಸಿದರು. ಅಷ್ಟು ರುಚಿಯಾದದ್ದನ್ನು ಇವತ್ತಿನವರೆಗೆ ಉಂಡಿಲ್ಲ.

ಆ ದಿನವೇ ಗುಡ್ಡೆಯಲ್ಲಿ ಒಂದು ಕಥೆ ಸಿಕ್ಕಿತು. ರಟ್ಟಿಲ್ಲ, ಹೆಸರಿಲ್ಲ, ಮೊದಲಿನ ಪುಟಗಳೂ ಇಲ್ಲ. ತುಂಬಿದ ಹೊಳೆಯ ದಂಡೆಯಲ್ಲಿ ಒಬ್ಬ ಹೆಣ್ಣುಮಗಳು ದೋಣಿ ತಪ್ಪಿಸಿಕೊಂಡು ನಿಂತಿದ್ದಾಳೆ, ಆಚೆ ದಂಡೆಯಲ್ಲಿ ಅವಳ ತವರು. ಎರಡು ದಿನ ಅದನ್ನೇ ಓದಿದೆ. ದೋಣಿಗಾರ ಬರುತ್ತಾನೆ, ನೀರಿನ ಸೆಳೆತ ನೋಡಿ ತಿರುಗಿ ಹೋಗುತ್ತಾನೆ. ಚೆನ್ನವ್ವ ಅವನಿಗೆ ಹಾಕಿದ ಶಾಪಗಳನ್ನು ಇಲ್ಲಿ ಬರೆಯುವಂತಿಲ್ಲ. ನಾಲ್ಕನೆಯ ದಿನ ಅವನು ಮತ್ತೆ ಹುಟ್ಟು ಕೈಗೆತ್ತಿಕೊಳ್ಳುತ್ತಿದ್ದಾಗಲೇ ಹೊರಗೆ ಮೋಟಾರು ಕೂಗಿತು. ಹಾಳೆಗಳನ್ನು ಕೆಳಗಿಟ್ಟು ಓಡಿದೆ.

"ಮುಂದ?" ಎಂದು ಹಿಂದಿನಿಂದ ಚೆನ್ನವ್ವ ಕೂಗಿದಳು.

"ನಾಕು ದಿನದಾಗ ಬರ್ತೀನಿ!"

ಕುಷ್ಟಗಿ

ಮೋಟಾರು ಏರು ಬಂದಲ್ಲೆಲ್ಲ ನಿಂತಿತು, ಗಂಡಸರೆಲ್ಲ ಇಳಿದು ನೂಕಿದರು. ಬೀಗರ ಮನೆ ತಲುಪಿದಾಗ ನನ್ನ ಮುಖವೆಲ್ಲ ಇದ್ದಿಲು. ನೀಲವ್ವ ಬಾಗಿಲಲ್ಲಿ ನಿಂತಿದ್ದಳು. ಹೊಟ್ಟೆ ಬಿಟ್ಟರೆ ಮೈಯಲ್ಲಿ ಏನೂ ಉಳಿದಿರಲಿಲ್ಲ.

ಮೂರು ದಿನ ಹೊಟ್ಟೆಯನ್ನು ಮರೆಮಾಚಿ ಓಡಾಡಿದೆ. ಕುಬಸದ ದಿನ ಬಸಲಿಂಗವ್ವ ಹಸಿರು ಸೀರೆಯ ಮಡಿಕೆ ಬಿಚ್ಚಿ, ಸೆರಗನ್ನು ಮೂಗಿಗೆ ಹಿಡಿದರು.

"ಬೀಗತಿಯವರ, ಕುಬಸದ ಸೀರಿಗೆ ಉಪ್ಪಿನಕಾಯಿ ಎಣ್ಣಿ! ನಿಮ್ಮ ಮಗಳಿಗೆ ಮಾವಿನಕಾಯಿ ಸೇರಂಗಿಲ್ಲ. ಈ ಬಯಕಿ ಯಾರದು?" ಎಂದವರೇ ನನ್ನ ಸೆರಗಿನ ಕಡೆ ನೋಡಿದರು. ಆರು ಹೆತ್ತ ಹೆಂಗಸಿನ ಕಣ್ಣು ಅದು. ತಲೆ ತಗ್ಗಿಸಿದೆ.

"ಮುಗೀತು. ನೀಲವ್ವ ಇಲ್ಲೇ ಹಡೀಲಿ. ಒಂದ ಮನ್ಯಾಗ ಎರಡು ತೊಟ್ಟಿಲು, ನಾ ಒಪ್ಪಂಗಿಲ್ಲ. ನಿಮ್ಮ ಮ್ಯಾಲ ಸಿಟ್ಟಿಲ್ರಿ ನನಗ. ಆದ್ರ ಹಿರಿ ಸೊಸಿ ಕೂಸು ಹೋದದ್ದ ಒಮ್ಮಿ ಕಂಡೇನಿ, ಇನ್ನೊಮ್ಮಿ ನೋಡಾಕ ಆಗಂಗಿಲ್ಲ."

ಅವರದೂ ಹೆದರಿಕೆಯೇ ಎಂದು ಆಗ ತಿಳಿಯಿತು. ಆದರೆ ನೀಲವ್ವ ಬಂದು ನನ್ನ ರಟ್ಟೆ ಹಿಡಿದುಕೊಂಡಿದ್ದಳು. ಬಯ್ಯಲಿಲ್ಲ, ನಾಚಲಿಲ್ಲ. "ಯವ್ವಾ, ನನ್ನ ಇಲ್ಲೇ ಬಿಟ್ಟು ಹೋಗಬ್ಯಾಡ" ಎಂದಳು, ಅಷ್ಟೇ. ಅವಳ ಉಗುರು ನನ್ನ ತೋಳಿಗೆ ನಟ್ಟಿತ್ತು.

ಎಲ್ಲಿಂದ ಬಂತೋ ಧೈರ್ಯ. "ಎರಡು ತೊಟ್ಟಿಲು ಒಂದ ಮನ್ಯಾಗ ಯಾಕ ಕಟ್ಟತೇವ್ರಿ? ನೀಲವ್ವಂದು ಧಾರವಾಡದಾಗ. ನಂದು ನನ್ನ ತವರಿನ್ಯಾಗ."

"ನಿಮ್ಮ ತವರಿನ್ಯಾಗ ಯಾರೂ ಉಳದಿಲ್ಲಂತ ಲಗ್ನದಾಗ ಅಂದಿದ್ರಿ?"

"ಕೊಪ್ಪಳದಾಗ ನಮ್ಮ ಚಿಗವ್ವ, ನಮ್ಮವ್ವನ ತಂಗಿ, ಅದಾಳ್ರಿ. ಚೆನ್ನವ್ವ ಅಂತ."

ಬಸಲಿಂಗವ್ವ ಸೀರೆಯನ್ನು ಮಡಚಿಟ್ಟರು. "ಛಲೋ ಆತು. ಕೊಪ್ಪಳತನಾ ನಾನೂ ಬರ್ತೀನಿ. ನಿಮ್ಮ ಚಿಗವ್ವನ್ನ ನೋಡಿ, ಸೊಸಿನ್ನ ಅಲ್ಲೇ ರೈಲು ಹತ್ತಸ್ತೀನಿ. ಇಲ್ಲಂದ್ರ ತಿರುಗಿ ಕರಕೊಂಡು ಬರ್ತೀನಿ."

ಮತ್ತೆ ಕೊಪ್ಪಳ

ಬರುವ ದಾರಿಯಲ್ಲಿ ಮೋಟಾರು ಒಂದು ಕಡೆಯೂ ನಿಲ್ಲಲಿಲ್ಲ. ನಿಲ್ಲಲಿ ಎಂದು ನಾನು ಬೇಡಿಕೊಳ್ಳುತ್ತಿದ್ದಾಗ! ಚೆನ್ನವ್ವನಿಗೆ ಇದೊಂದೂ ಗೊತ್ತಿಲ್ಲ. ಯಾರಿವರು, ಯಾವ ಚಿಗವ್ವ ಎಂದು ಒಂದು ಮಾತು ಅಂದರೆ ಮಗಳು ತಿರುಗಿ ಕುಷ್ಟಗಿಗೆ. ಮೊದಲು ಓಡಿಹೋಗಿ ಕಿವಿಯಲ್ಲಿ ಹೇಳೋಣವೆಂದರೆ ಬಸಲಿಂಗವ್ವ ನನ್ನ ಕೈ ಬಿಡಲಿಲ್ಲ. ಮೂವರೂ ಕೂಡಿಯೇ ಅಂಗಡಿಯ ಪಡಸಾಲೆಗೆ ಕಾಲಿಟ್ಟೆವು.

ಚೆನ್ನವ್ವ ತಲೆ ಎತ್ತಿ ನೋಡಿದಳು. ನೀರು ಕೊಡಲಿಲ್ಲ, ಬಾ ಎನ್ನಲಿಲ್ಲ.

"ಬಂದೇನವ್ವ? ನಾಕು ದಿನ ಅಂತ ಹೇಳಿ ಹೋದಾಕಿ ಇವತ್ತಿಗೆ ಎಷ್ಟು ದಿನಾತು? ನಿನ್ನ ಸಲುವಾಗಿ ಕೆಲಸಾ ಬಿಟ್ಟು ಕುಂತೇವಿ. ಈ ಹೊಟ್ಟಿ ಹೊತ್ಕೊಂಡು ಬಿಸಲಾಗ ತಿರಗತೀ, ಮುಖಾ ನೋಡು, ಒಣಗಿದ ಬದನಿಕಾಯಿ ಆಗೇತಿ. ಹೇಳಿದ ಮಾತು ಒಂದರೆ ಕೇಳ್ತಿಯೇನು ನೀನು?"

ಬಸಲಿಂಗವ್ವ ಅವಳ ಹಣೆಯ ವಿಭೂತಿ ನೋಡಿದರು. ನಾನು ಅರ್ಧ ಓದಿ ಬಿಟ್ಟಿದ್ದ, ಮೇಲೆ ಕಲ್ಲು ಹೇರಿಟ್ಟಿದ್ದ ಹಾ‍ಳೆಗಳನ್ನು ನೋಡಿದರು. "ಈಕಿ ನಿಮಗೇನಾಗಬೇಕ್ರಿ?"

ಚೆನ್ನವ್ವ ನನ್ನ ಮುಖ ನೋಡಿದಳು, ನೀಲವ್ವನ ಹೊಟ್ಟೆ ನೋಡಿದಳು, ಕೇಳಿದವರನ್ನೂ ನೋಡಿದಳು.

"ಏನಾಗಬೇಕು? ಮನಿ ಮಗಳು. ಮತ್ತ ಯಾರಿಗೆ ಹಿಂಗ ಬೈಯಾಕ ಆಗ್ತೈತ್ರಿ?"

"ಈಕಿ ಬಾಣಂತನ ನೀವ ಮಾಡವರೇನು?"

"ನಾ ಮಾಡದ ಬ್ಯಾರೆ ಯಾರು ಮಾಡ್ತಾರ? ಆಕಿಗೆ ಯಾರದಾರ?"

"ಸೂಲಗಿತ್ತಿಗೂ ಹೇಳೇವ್ರಿ" ಎಂದಳು ಫಾತಿಮಾಬಿ, ಅಂಟಿನ ಕೈ ಒರೆಸಿಕೊಳ್ಳುತ್ತ.

ಬಸಲಿಂಗವ್ವ ಕೂತುಬಿಟ್ಟರು. "ಹೋಗವ್ವಾ ನೀಲವ್ವ, ನಿಮ್ಮವ್ವನ ಕೂಡ ಹೋಗು. ಬಂದಾಕಿಗೆ ನೀರ ಕೊಡೂದಕ್ಕ ಮೊದಲ ಬೈದ್ರಂದ್ರ ಅದು ತವರನ" ಎಂದರು. ಆಮೇಲೆ ಚೆನ್ನವ್ವ ಎದ್ದು ಮೂವರಿಗೂ ನೀರು, ಬೆಲ್ಲ ಕೊಟ್ಟಳು. ಕಥೆ ಓದಲು ಹೊತ್ತಿರಲಿಲ್ಲ, ರೈಲಿನ ವೇಳೆಯಾಗಿತ್ತು.

ಮತ್ತೊಮ್ಮೆ ಗಡಿ

ಧಾರವಾಡದ ಸ್ಟೇಷನ್ನಿನಲ್ಲೇ ಮಾಸ್ತರರಿಗೆ ಸುದ್ದಿ ಹೇಳಿದೆ. ಅವರ ಕೈಯಿಂದ ಛತ್ರಿ ಬಿತ್ತು. ಓಣಿ ನಕ್ಕಿತು, ಎಂಟು ದಿನ ನಕ್ಕು ಸುಮ್ಮನಾಯಿತು. ನೀಲವ್ವ ಎರಡು ತಿಂಗಳಿಗೆ ನನ್ನ ಕೈಯಲ್ಲೇ ಹೆಣ್ಣು ಹೆತ್ತಳು. ತಾಯಿ, ಕೂಸು ಇಬ್ಬರೂ ಗಟ್ಟಿಯಾದರು. ನನಗೆ ಒಂಬತ್ತು ತುಂಬುವ ಹೊತ್ತಿಗೆ ಬಾಣಂತಿಯನ್ನು ನಾದಿನಿಗೆ ಒಪ್ಪಿಸಿ, ಮಾಸ್ತರರ ಜತೆ ರೈಲು ಹತ್ತಿದೆ. ಬೀಗತಿಗೆ ಮಾತು ಕೊಟ್ಟಿದ್ದೆ. ಕೊಡದಿದ್ದರೂ ಹೋಗುತ್ತಿದ್ದೆನೇನೋ.

ಗಡಿಯಲ್ಲಿ ಅದೇ ಮೀಸೆಯವರು ಟ್ರಂಕು ತೆರೆದರು. ಮತ್ತೆ ಹಸಿರು ಸೀರೆ, ಹಸಿರು ಬಳೆ.

"ಈ ಸಲ ಕುಬಸ ಯಾರಿಗ್ರಿ?"

"ನನಗ್ರಿ."

ಅವರು ಟ್ರಂಕನ್ನು ಮೆಲ್ಲನೆ ಮುಚ್ಚಿ ಮುಂದಿನ ಡಬ್ಬಿಗೆ ಹೋದರು.

ಅಂಗಡಿಯಲ್ಲಿ ಏನೂ ಬದಲಾಗಿರಲಿಲ್ಲ. ಖಾದರ್ ಸಾಬರು ಎದ್ದು ಮಾಸ್ತರರನ್ನು ಒಳಗೆ ಕರೆದರು. ಪಡಸಾಲೆಯ ಗೋಡೆಗೆ ಒಂದು ತೊಟ್ಟಿಲು ಒರಗಿಸಿಟ್ಟಿತ್ತು, ಫಾತಿಮಾಬಿಯ ಮನೆಯದು. ಅದರ ಪಕ್ಕದಲ್ಲಿ ನಾನು ಬಿಟ್ಟುಹೋದ ಹಾಳೆಗಳು, ಮೇಲೆ ಅದೇ ಕಲ್ಲು. ನಾಲ್ಕು ತಿಂಗಳಲ್ಲಿ ಆ ಕಥೆಯ ಒಂದು ಹಾಳೆಯೂ ಚೀಲವಾಗಿರಲಿಲ್ಲ.

"ನಮ್ಮೂರ ಸಾಲಿ ಮಾಸ್ತರ ಓದತೀನಿ ಅಂತ ಬಂದಿದ್ದ. ಬ್ಯಾಡ ಅಂದೆ" ಎಂದಳು ಚೆನ್ನವ್ವ, ತಲೆ ಎತ್ತದೆ. "ಹೊತ್ತು ಮಾಡಿದಿ. ಆ ಹೆಣ್ಣುಮಗಳು ಇನ್ನೂ ದಂಡಿ ಮ್ಯಾಲ ನಿಂತಾಳ. ಮೊದಲ ಆಕಿನ್ನ ದಾಟಸು, ಆಮ್ಯಾಲ ನೀ ಹಡಿ."

ನಾನು ಗೋಡೆಗೆ ಒರಗಿ ಕೂತು, ಕಲ್ಲನ್ನು ಎತ್ತಿ ಬದಿಗಿಟ್ಟು, ಓದತೊಡಗಿದೆ.